ಬೇಗೂರಿನ ನೆಲ್ಲಿ, ಅತ್ತಿಗೆಯ ಕೊಳದಪ್ಪಲೆ

ಶನಿವಾರ ಬೆಳಿಗ್ಗೆ ಯಜಮಾನರಿಗೆ ಮಧ್ಯಾಹ್ನದ ಅನ್ನ, ಸಾರು ಮುಚ್ಚಿಟ್ಟು, ನಾನೂ ನನ್ನ ಮಗಳು ವಿಮಲಳೂ ಜಯನಗರದ ಮನೆಯಿಂದ ಬೇಗೂರಿಗೆ ಹೊರಟೆವು. ಮಾರ್ಗಶಿರದ ಚಳಿ. ನಮ್ಮ ಬ್ಲಾಕಿನಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು, ಅವುಗಳ ಮೇಲೆಲ್ಲ ಮಂಜು ಕೂತಿತ್ತು. ಗೇಟು ಹಾಕುತ್ತಿದ್ದ ಹಾಗೆ ಎದುರುಮನೆಯ ಸೀತಮ್ಮನವರು ರಂಗೋಲಿ ಬಿಡುವುದನ್ನು ನಿಲ್ಲಿಸಿ ತಲೆ ಎತ್ತಿದರು.

"ಏನ್ರೀ ಗೌರಮ್ಮ, ಮತ್ತೆ ಇಲಿಗಳಿಗೆ ನೆಲ್ಲಿಕಾಯಿ ತರೋಕ್ಕೆ ಹೊರಟ್ರಾ? ನಮ್ಮನೆ ಅಟ್ಟದ ಇಲಿಗಳಿಗೂ ಒಂದು ಪಾವು ತನ್ನಿ."

"ಅವಕ್ಕೆ ಸಕ್ಕರೆ ಕಾಯಿಲೆ ಇದ್ಯಾ ಸೀತಮ್ಮನೋರೆ?" ಎಂದಳು ವಿಮಲ.

"ಇಲ್ದೆ ಏನಮ್ಮ, ಬೆಲ್ಲದ ಡಬ್ಬ ಎಲ್ಲಾ ಅವೇ ಖಾಲಿ ಮಾಡ್ತಾವೆ!"

ವಿಮಲ ನಕ್ಕಳು. ನನಗೆ ನಗು ಬರಲಿಲ್ಲ. ಬೀದಿಯವರು ಹೀಗೆ ಆಡಿಕೊಳ್ಳುವುದು ಹೊಸದಲ್ಲ, ಆದರೆ ಆ ಬೆಳಿಗ್ಗೆ ಅವಳ ಎದೆಯಲ್ಲಿ ಏನಿದೆ ಎಂಬುದು ನನಗೊಬ್ಬಳಿಗೆ ಗೊತ್ತಿತ್ತು.

ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ವಿಮಲ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಊರೊಳಗಿನ ಒಂದು ಪ್ರಯೋಗಶಾಲೆಯಲ್ಲಿ ಸಂಶೋಧನೆಗೆ ಸೇರಿದ್ದಾಳೆ. ನನ್ನ ತವರಿನ ಕಡೆ ಹೆಬ್ಬೆಟ್ಟು ಒತ್ತದೆ ಹೆಸರು ಬರೆದ ಮೊದಲ ಹೆಂಗಸು ನಾನು. ನನ್ನ ಮಗಳು ಇಷ್ಟು ದೂರ ಹೋಗಿದ್ದಾಳೆ. ಅವಳು ಹಿಡಿದಿರುವ ವಿಷಯ ಬೆಟ್ಟದ ನೆಲ್ಲಿಕಾಯಿ. ಸಕ್ಕರೆ ಕಾಯಿಲೆಗೆ ನೆಲ್ಲಿಕಾಯಿ ರಸಕ್ಕೆ ಚಿಟಿಕೆ ಅರಿಶಿನ ಹಾಕಿ ಕುಡಿಯಬೇಕೆಂದು ನಮ್ಮ ಅಜ್ಜಿಯ ಕಾಲದಿಂದಲೂ ಹೇಳುತ್ತಾರೆ. ಹೇಳುವುದು ಬೇರೆ, ತೋರಿಸುವುದು ಬೇರೆ ಎನ್ನುತ್ತಾಳೆ ವಿಮಲ. ಒಂದು ಗೂಡಿನ ಇಲಿಗಳಿಗೆ ಸಕ್ಕರೆ ಕಾಯಿಲೆ ಬರಿಸಿ ನೆಲ್ಲಿ ರಸ ಕೊಡುತ್ತಾರೆ. ಇನ್ನೊಂದು ಗೂಡಿನವಕ್ಕೆ ಸೀಸದ ಉಪ್ಪು ತಿನ್ನಿಸಿ, ಆ ವಿಷವನ್ನು ನೆಲ್ಲಿ ಎಷ್ಟು ತಡೆಯುತ್ತದೆಂದು ನೋಡುತ್ತಾರೆ. ಮೂರನೆಯ ಗೂಡಿನವು ಆರೋಗ್ಯವಾಗಿರುವ ಇಲಿಗಳು, ಅವಕ್ಕೆ ಬರಿಯ ರಸ. ಅಚ್ಚುಮೊಳೆ ಜೋಡಿಸುವವರು, ಬಣ್ಣ ಬಳಿಯುವವರು ದಿನವೂ ಸೀಸ ಮುಟ್ಟುತ್ತಾರಲ್ಲ, ಮುಂದೆ ಯಾವತ್ತಾದರೂ ಅವರಿಗೆ ಉಪಯೋಗವಾದೀತೆಂದು ಅವಳ ಆಸೆ.

ಆದರೆ ಆ ಮೂರನೆಯ ಗೂಡಿನ ಇಲಿಗಳೇ ಮಂಕಾಗಿಬಿಟ್ಟವು. ಯಾವ ಕಾಯಿಲೆಯೂ ಇಲ್ಲದ, ಬರೀ ರಸ ಕುಡಿದ ಇಲಿಗಳು ಮೇವು ಬಿಟ್ಟು ಮೂಲೆ ಸೇರಿದವು. ಅವಳ ಪ್ರೊಫೆಸರು, "ನಿಮ್ಮ ನೆಲ್ಲಿ ಕಾಪಾಡೋ ಹಾಗೆ ಕಾಣಿಸೋಲ್ಲಮ್ಮ. ಇನ್ನೊಂದು ಸಲ ಮಾಡಿ ನೋಡಿ. ಹೀಗೇ ಆದ್ರೆ ವಿಷಯ ಬಿಟ್ಟುಬಿಡೋಣ," ಎಂದಿದ್ದರು. ನೆಲ್ಲಿಯ ಕಾಲ ಮುಗಿಯುತ್ತಾ ಬಂದಿತ್ತು. ರಸ ಬರುತ್ತಿದ್ದುದು ಬೇಗೂರಿನಿಂದ, ನನ್ನ ಅಣ್ಣನ ಮನೆಯಿಂದ. ಬಾವಿಯ ನೀರಿನಲ್ಲಿ ಏನೋ ದೋಷವಿರಬಹುದೆಂದು ವಿಮಲಳಿಗೆ ಅನುಮಾನ. ನೀರು ಪರೀಕ್ಷೆ ಮಾಡಲು ಒಂದಷ್ಟು ಪುಟ್ಟ ಸೀಸೆಗಳನ್ನು ಹತ್ತಿಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದಳು. ಹೋಗಿ ಕಣ್ಣಾರೆ ನೋಡಿ, ಹೊಸ ರಸ ತರುವುದೆಂದು ನಮ್ಮ ಪ್ರಯಾಣ.

ಮಾರ್ಕೆಟ್ಟಿಗೆ ಹೋಗಿ ಬಸ್ಸು ಹಿಡಿದರೆ ಸುತ್ತು. ಮಡಿವಾಳದ ತನಕ ಜಟಕಾ ಮಾಡಿದೆವು. ಗಾಡಿಯವನು ಒಂದು ರೂಪಾಯಿ ಕೇಳಿ ಹನ್ನೆರಡಾಣೆಗೆ ಒಪ್ಪಿದ; ಕಾಸು ಬದಲಾಗಿ ವರ್ಷಗಳಾದರೂ ಜಟಕಾದವರ ಬಾಯಲ್ಲಿ ಇನ್ನೂ ಆಣೆಯೇ. ತಾವರೆಕೆರೆ ದಾಟಿದ ಮೇಲೆ ಎರಡು ಕಡೆಯೂ ರಾಗಿ ಕುಯ್ದ ಹೊಲಗಳು, ನಡುವೆ ಸಾಲಾಗಿ ಅವರೆ. ಅವರೆಯ ಸೊಗಡು ಗಾಡಿಯೊಳಕ್ಕೂ ಬಂತು. ದೂರದಲ್ಲಿ ಮಡಿವಾಳದ ಕೆರೆ ಬೆಳ್ಳಗೆ ಹೊಳೆಯುತ್ತಿತ್ತು. ಹೊಸೂರು ರಸ್ತೆಗೆ ಇಳಿದು ಬಹಳ ಹೊತ್ತು ಕಾದ ಮೇಲೆ ಆನೇಕಲ್ಲಿನ ಬಸ್ಸು ಸಿಕ್ಕಿತು. ಬೊಮ್ಮನಹಳ್ಳಿಗೆ ತಲೆಗೆ ಹತ್ತು ನಯಾ ಪೈಸೆ. ಅಲ್ಲಿಂದ ಬೇಗೂರು ಮೂರು ಮೈಲಿ, ನಡಿಗೆ.

ಹೊಂಗಸಂದ್ರದ ಹತ್ತಿರ ಹುಣಿಸೆ ಮರದ ಕೆಳಗೆ ಕೂತು, ಕಟ್ಟಿಕೊಂಡು ಬಂದಿದ್ದ ಅವರೆಕಾಳು ಉಪ್ಪಿಟ್ಟು ತಿಂದೆವು. ವಿಮಲ ತಿಂದದ್ದು ಎರಡೇ ತುತ್ತು.

"ನೀರಲ್ಲೂ ಏನೂ ಸಿಗದೇ ಹೋದ್ರೆ, ಅಮ್ಮ?"

"ಸಿಗದೇ ಹೋದ್ರೆ ನಮ್ಮ ಬಾವಿ ಒಳ್ಳೇದು ಅಂತಾಯ್ತು. ಉಪ್ಪಿಟ್ಟು ತಿನ್ನು," ಎಂದೆ. ಇನ್ನೇನು ಹೇಳಲಿ? ಅವಳ ಓದು ನನಗೆ ತಿಳಿಯದು. ಅವಳು ಹೊಟ್ಟೆಗೆ ತಿನ್ನುತ್ತಾಳೋ ಇಲ್ಲವೋ ಎಂಬುದು ತಿಳಿಯುತ್ತದೆ.

ನಾಗೇಶ್ವರನ ಗುಡಿಯ ಗೋಪುರ ಕಂಡಾಗ ಬಿಸಿಲು ಏರಿತ್ತು. ಗುಡಿಗೆ ಕೈ ಮುಗಿದು, ಕೆರೆಯ ಏರಿಯ ಮೇಲೆ ಹಾದು ಮನೆ ಸೇರಿದೆವು. ಅತ್ತಿಗೆ ಪುಟ್ಟತಾಯಮ್ಮ ಹೊಸಿಲಿಗೆ ಬಂದು, ಕಾಲಿಗೆ ನೀರು ಕೊಟ್ಟರು. ನನ್ನನ್ನು ಬಿಟ್ಟು ವಿಮಲಳ ಕೈ ಹಿಡಿದುಕೊಂಡರು.

"ಬಾರವ್ವ, ನಮ್ಮ ಪಂಡಿತರು ಬಂದ್ರು! ನೋಡು, ಮಖ ಎಷ್ಟು ಸಣ್ಣಗಾಗೈತೆ. ಓದಿ ಓದಿ ಕಣ್ಣು ಒಳಕ್ಕೋಗವೆ."

ಅಣ್ಣ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ದೊಡ್ಡ ಆಳು, ರಾಗಿ ಮೂಟೆಯನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದವನು. ಮೂರು ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಡಾಕ್ಟರ ಮಾತ್ರೆ ತಪ್ಪಿಸುವುದಿಲ್ಲ, ಅದರ ಜೊತೆಗೆ ಈ ಸಲ ವಿಮಲಳ ಮಾತು ಕೇಳಿದ ಮೇಲೆ ದಿನಾ ಬೆಳಿಗ್ಗೆ ನೆಲ್ಲಿ ರಸ ಬೇರೆ. ಹಾಗಿದ್ದೂ ನಾನು ದೀಪಾವಳಿಯಲ್ಲಿ ನೋಡಿದ್ದಕ್ಕಿಂತ ಇಳಿದುಹೋಗಿದ್ದ. ಮುಖ ಬಿಳಿಚಿಕೊಂಡಿತ್ತು.

"ಏನಣ್ಣ ಇದು, ಮಧ್ಯಾಹ್ನದ ಹೊತ್ತಿಗೆ ಕಂಬಳಿ?"

"ಏನಿಲ್ಲ ಕಣವ್ವ ಗೌರಿ, ಸೋಮಾರಿತನ," ಎಂದು ನಕ್ಕ.

ಊಟಕ್ಕೆ ಮುದ್ದೆ, ಹಿತಕಿದ ಬೇಳೆ ಸಾರು. ಊಟವಾದ ಕೂಡಲೇ ವಿಮಲ ಸೆರಗು ಸಿಕ್ಕಿಸಿ ಬಾವಿಕಟ್ಟೆಯ ಮೇಲೆ ಸೀಸೆಗಳನ್ನು ಸಾಲಾಗಿ ಇಟ್ಟುಕೊಂಡು ಕೂತಳು. ಗಾಜಿನ ಕೊಳವೆಗೆ ನೀರು ತುಂಬಿ, ಅದಕ್ಕೊಂದು ತೊಟ್ಟು, ಇದಕ್ಕೊಂದು ತೊಟ್ಟು ಬಿಟ್ಟು ಬಿಸಿಲಿಗೆ ಎತ್ತಿ ಹಿಡಿದು ನೋಡಿದಳು. ನೀರು ನೀರಾಗಿಯೇ ಇತ್ತು. ಸಂಜೆಯ ತನಕ ಮಾಡಿದಳು. ಆಮೇಲೆ ಸುಮ್ಮನೆ ಬಾವಿಯೊಳಕ್ಕೆ ನೋಡುತ್ತಾ ಕೂತಳು. ನಾನು ಹತ್ತಿರ ಹೋಗಲಿಲ್ಲ. ಮಾತಾಡಿಸಿದರೆ ಅತ್ತುಬಿಡುತ್ತಾಳೆಂದು ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಹಿತ್ತಿಲಿಗೆ ಹೋದೆವು. ನೆಲ್ಲಿ ಮರ ನಮ್ಮ ತಂದೆ ಹಾಕಿದ್ದು. ಸಣ್ಣ ಎಲೆಗಳ ಕೆಳಗೆ ಕೊಂಬೆಗೆ ಅಂಟಿಕೊಂಡ ಹಾಗೆ ಕಾಯಿ. ತುಳಸಿ ಹಬ್ಬಕ್ಕೆ ಊರಿನವರು ಕೊಂಬೆ ಮುರಿದುಕೊಂಡು ಹೋದ ಮೇಲೂ ಎರಡು ಮಂಕರಿ ಇಳಿಸುವಷ್ಟಿತ್ತು. ಅಣ್ಣ ದೋಟಿ ಹಿಡಿದು ಎರಡು ಕೊಂಬೆ ಅಲುಗಿಸುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ಮರಕ್ಕೆ ಒರಗಿದ.

"ಮಾವ, ಏನಾಯ್ತು?" ವಿಮಲ ಓಡಿ ಬಂದಳು.

"ಹೊಟ್ಟೆ ಹಿಡ್ಕಂತದೆ. ಆಮೇಲೆ ತಾನೇ ಬಿಟ್ಟೋಯ್ತದೆ. ಬಾಯೆಲ್ಲ ಕಬ್ಬಿಣ ನೆಕ್ಕಿದಂಗೆ, ಊಟ ಸೇರಲ್ಲ, ಎಲ್ಲಾದರೂ ಮೂಲೆ ಹಿಡಿದು ಕೂತ್ಕಳಾನ ಅನ್ನಿಸ್ತದೆ." ಸುಧಾರಿಸಿಕೊಂಡು ಕಣ್ಣು ಮಿಟುಕಿಸಿದ. "ನಿನ್ನ ಇಲಿಗಳಿಗೂ ಹಂಗೇ ಅಂತಲ್ಲವ್ವ? ನನಗೂ ಅವಕ್ಕೂ ಒಂದೇ ಕಾಯಿಲೆ. ನನ್ನೂ ಒಂದು ಗೂಡಿಗೆ ಹಾಕ್ಕೊಂಡು ಹೋಗು!"

ಅತ್ತಿಗೆ ನಕ್ಕರು, ನಾನೂ ನಕ್ಕೆ. ವಿಮಲ ನಗಲಿಲ್ಲ. ಅವಳ ಕೈಯಲ್ಲಿದ್ದ ನೆಲ್ಲಿಕಾಯಿಗಳು ಒಂದೊಂದಾಗಿ ಮಂಕರಿಗೆ ಬಿದ್ದವು.

"ಯಾವಾಗಿಂದ ಮಾವ?"

"ದೀಪಾವಳಿ ಕಳೆದ ಮೇಲೆ."

"ಅತ್ತೆ, ನಿಮಗೆ ಹೊಟ್ಟೆನೋವು ಬಂತಾ?"

"ನನಗ್ಯಾಕೆ ಬತ್ತದೆ? ಕಲ್ಲು ತಿಂದು ಅರಗಿಸ್ಕಂತೀನಿ."

"ಅದೇ ಬಾವಿ ನೀರು ತಾನೇ ನೀವೂ ಕುಡಿಯೋದು. ಮಾವ ಕುಡಿಯೋ ರಸ, ನನಗೆ ಕಳಿಸೋ ರಸ, ಎರಡೂ ಒಟ್ಟಿಗೇ ಮಾಡ್ತೀರಾ?"

"ಹೂಂ, ಒಂದೇ ಸಲ ಕುದಿಸ್ತೀನಿ."

"ಯಾವುದರಲ್ಲಿ?"

ಅತ್ತಿಗೆಯ ಮುಖ ಅರಳಿತು. ಬಹಳ ದಿನದಿಂದ ಈ ಪ್ರಶ್ನೆಗಾಗಿಯೇ ಕಾದಿದ್ದವರ ಹಾಗೆ ಒಳಗೆ ಹೋಗಿ, ಎರಡು ಕೈಯಲ್ಲೂ ಹಿಡಿದು ಹೊರಗೆ ತಂದರು. ಹಿತ್ತಾಳೆಯ ಕೊಳದಪ್ಪಲೆ. ಅತ್ತಿಗೆಯ ಮದುವೆಯಲ್ಲಿ ಅವರ ತವರಿನವರು ಕೊಟ್ಟದ್ದು. ಹಬ್ಬ ಮದುವೆ ಬಿಟ್ಟರೆ ಅಟ್ಟದಿಂದ ಇಳಿಯುವುದಿಲ್ಲ. ಹೊರಗೆ ಹುಣಿಸೆಹಣ್ಣು ಹಾಕಿ ಉಜ್ಜಿ ಚಿನ್ನದ ಹಾಗೆ ಮಾಡಿದ್ದರು, ಒಳಗೆ ಹೊಸ ಕಲಾಯಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ದೊಡ್ಡ ಸ್ಕೂಲಿಗೆ ಹೋಗೋ ರಸ. ಅಡುಗೆಮನೆ ಪಾತ್ರೇಲಿ ಮಾಡಿ ಕಳಿಸಾಕಾಯ್ತದಾ? ನಮ್ಮ ಹುಡುಗಿ ಮರ್ಯಾದೆ ಏನಾಗ್ಬೇಕು? ಹುಳಿ ಪದಾರ್ಥ ಅಂತ ಹೊಸದಾಗಿ ಕಲಾಯಿನೂ ಹಾಕಿಸ್ದೆ. ನಮ್ಮ ಮಾಮೂಲಿಯೋನು ಬರ್ಲಿಲ್ಲ, ಯಾರೋ ಹೊಸಬ ಬಂದಿದ್ದ."

ಓದುವ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಮಾಡಿದರೆ ಕಿಲುಬು ಇಳಿದು ವಿಷವಾಗುತ್ತದೆಂದು ನಮಗೆಲ್ಲ ಗೊತ್ತು. ಅತ್ತಿಗೆಗೂ ಗೊತ್ತು. ಮಾಡಬೇಕಾದ ಎಚ್ಚರಿಕೆಯನ್ನೆಲ್ಲ ಮಾಡಿದ್ದರು. ಅದಕ್ಕೇ ನನಗೆ ಏನೂ ಹೊಳೆಯಲಿಲ್ಲ.

ವಿಮಲ ತಪ್ಪಲೆಯನ್ನು ಬಿಸಿಲಿಗೆ ತಿರುಗಿಸಿ ಒಳಗೆಲ್ಲ ಬೆರಳಾಡಿಸಿ ನೋಡಿದಳು. ಆಮೇಲೆ ಚೀಲದಿಂದ ಎರಡು ಸೀಸೆ ತೆಗೆದಳು. ಒಂದರಲ್ಲಿ ನೀರು ಬೆರೆಸಿದ ಆಸಿಡ್ಡು. ಕಲಾಯಿಯ ಮೇಲೆ ಅದರದೊಂದು ತೊಟ್ಟು ಬಿಟ್ಟು ಸ್ವಲ್ಪ ಹೊತ್ತು ಕಾದಳು. ನಾವು ಮೂವರೂ ಸುತ್ತ ಬಗ್ಗಿ ನೋಡುತ್ತಿದ್ದೆವು. ಎರಡನೆಯ ಸೀಸೆಯದು ನೀರಿನ ಹಾಗೆಯೇ ಇತ್ತು. ಅದರ ತೊಟ್ಟು ಬಿದ್ದದ್ದೇ ತಡ, ಬೆಳ್ಳಗಿನ ಕಲಾಯಿಯ ಮೇಲೆ ಹಳದಿ ಬಣ್ಣ ಎದ್ದು ಬಂತು. ಹಚ್ಚ ಹಳದಿ.

"ಅಯ್ಯೋ, ಎಷ್ಟು ಚೆನ್ನಾಗೈತೆ! ಅರಿಶಿನ ಇಟ್ಟಂಗೆ," ಎಂದರು ಅತ್ತಿಗೆ.

ವಿಮಲ ಎದ್ದು ಒಳಗೆ ಹೋದಳು. ಅಡುಗೆಮನೆಯಿಂದ, ಮಾಮೂಲಿನ ಕಲಾಯಿಯವನ ಕೈಯಲ್ಲಿ ಹೋದ ವರ್ಷ ಹಾಕಿಸಿದ್ದ ಸಣ್ಣ ಪಾತ್ರೆಯನ್ನು ತಂದು ಅದರ ಮೇಲೂ ಹಾಗೆಯೇ ಎರಡು ತೊಟ್ಟು ಬಿಟ್ಟಳು. ಅದು ಬೆಳ್ಳಗೇ ಉಳಿಯಿತು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಹೇಳಿದಳು.

"ಅತ್ತೆ, ಇದು ಸೀಸ. ಕಲಾಯಿಗೆ ತವರ ಹಾಕಬೇಕು. ತವರ ತುಂಬಾ ದುಬಾರಿ, ಅದಕ್ಕೆ ಸೀಸ ಬೆರೆಸಿಬಿಡ್ತಾರೆ. ಆ ಕಲಾಯಿಯವನೇ ಬೆರೆಸಿದ್ನೋ, ಅವನಿಗೆ ಮಾರಿದವರು ಬೆರೆಸಿದ್ರೋ. ನೆಲ್ಲಿಕಾಯಿ ಹುಳಿ. ನೀವು ಗಂಟೆಗಟ್ಟಲೆ ಕುದಿಸಿ ಇಂಗಿಸ್ತೀರಿ. ಸೀಸ ಎಲ್ಲಾ ರಸಕ್ಕೆ ಇಳಿದಿದೆ. ನನ್ನ ಇಲಿಗಳಿಗೆ ಆಗಿರೋದು ಅದೇ." ಅಣ್ಣನ ಕಡೆ ತಿರುಗಿ, "ಮಾವನಿಗೂ ಅದೇ ಆಗಿದೆ ಅನ್ನಿಸುತ್ತೆ," ಎಂದಳು.

ಯಾವ ವಿಷವನ್ನು ನೆಲ್ಲಿ ತಡೆಯುತ್ತದೆಯೇ ಎಂದು ಅವಳು ಹುಡುಕುತ್ತಿದ್ದಳೋ, ಅದೇ ವಿಷ ನೆಲ್ಲಿಯ ರಸದಲ್ಲೇ ಕೂತು ಬಂದಿತ್ತು.

ಅತ್ತಿಗೆಯ ಮುಖ ಕೆಂಪಾಯಿತು. "ಅಂದ್ರೆ ನನ್ನ ಗಂಡನಿಗೆ ನಾನೇ ವಿಷ ಕುಡಿಸ್ದೆ ಅಂತೀಯಾ? ನಮ್ಮಪ್ಪ ಕೊಟ್ಟ ತಪ್ಪಲೆ ಅದು. ಅದರ ಮೇಲೆ ಮಾತು ಬಂತಾ?" ಎಂದು ತಪ್ಪಲೆ ಕಿತ್ತುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ತವರಿನ ಹೊಸಿಲು ನನಗೆ ಮುಚ್ಚಿಹೋದ ಹಾಗಾಯಿತು. ಸಮಾಧಾನ ಮಾಡಲು ಏಳುವಷ್ಟರಲ್ಲಿ ವಿಮಲ ನನ್ನ ಕೈ ಅದುಮಿ, ತಾನೇ ಹೋಗಿ ಬಾಗಿಲಿನ ಹೊರಗೆ ಕೂತಳು.

"ಅತ್ತೆ, ತಪ್ಪಲೇದು ಏನೂ ತಪ್ಪಿಲ್ಲ. ಹಿತ್ತಾಳೆ ಅಪ್ಪಟವಾಗಿದೆ. ಒಳಗಿನ ಬಳಿತ ಮಾತ್ರ ಕೆಟ್ಟದ್ದು. ಕಿತ್ತುಹಾಕಿಸಿ ಒಳ್ಳೆ ತವರ ಹಾಕಿಸಿದ್ರೆ ನನ್ನ ಮದುವೆಗೆ ಇದರಲ್ಲೇ ಪಾಯಸ ಮಾಡಬಹುದು."

ವಿಮಲ ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದಳು.

"ನಿಮಗೆ ನನ್ನ ಮೇಲೆ ಅಷ್ಟು ಮರ್ಯಾದೆ ಇಲ್ದೇ ಹೋಗಿದ್ರೆ ಮಡಕೇಲಿ ಮಾಡಿ ಕಳಿಸ್ತಿದ್ರಿ. ನನ್ನ ಇಲಿಗಳೂ ಚೆನ್ನಾಗಿರ್ತಿದ್ವು. ಹೋಗ್ಲಿ ಬಿಡಿ, ಇವತ್ತು ಸ್ವಲ್ಪ ಮರ್ಯಾದೆ ಕಡಿಮೆ ಮಾಡಿ, ಒಂದು ಮಡಕೆ ಕೊಡಿ."

ಬಾಗಿಲು ತೆರೆಯಿತು. ಅತ್ತಿಗೆಯ ಕಣ್ಣು ಒದ್ದೆಯಾಗಿತ್ತು, ಬಾಯಲ್ಲಿ ನಗು. "ಮಾತಿಗೇನು ಕಮ್ಮಿ ಇಲ್ಲ, ಥೇಟ್ ನಿಮ್ಮಮ್ಮನ ಥರ," ಎಂದರು. ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ನನಗಾದ ಹೆಮ್ಮೆ ಅವಳ ಡಿಗ್ರಿ ಬಂದ ದಿನವೂ ಆಗಿರಲಿಲ್ಲ. ಆಸಿಡ್ಡು, ಹಳದಿ ಎಲ್ಲ ಅವಳಿಗೆ ಕಾಲೇಜು ಕಲಿಸಿತು. ಆ ಬಾಗಿಲಿನ ಮುಂದೆ ಹಾಗೆ ಕೂರುವುದನ್ನು ಯಾವ ಕಾಲೇಜು ಕಲಿಸುತ್ತದೆ?

ಆಮೇಲೆ ಕೆಲಸ ಓಡಿತು. ಕಾಯಿಯನ್ನು ಕಲ್ಲಿನ ಒರಳಿನಲ್ಲಿ ಜಜ್ಜಿ, ಬಿಳಿಯ ಬಟ್ಟೆಯಲ್ಲಿ ಹಿಂಡಿ, ಮಣ್ಣಿನ ಮಡಕೆಯಲ್ಲಿ ಮರದ ಸೌಟು ಹಾಕಿ ಇಂಗಿಸಿದೆವು. ವಿಮಲ ತಣಿದ ರಸದಲ್ಲಿ ಸ್ವಲ್ಪವನ್ನು ಬೇರೆಯಾಗಿ ತೆಗೆದಿಟ್ಟುಕೊಂಡು, ಲ್ಯಾಬಿನಲ್ಲಿ ಪರೀಕ್ಷೆ ಮಾಡಿದ ಮೇಲೆಯೇ ಇಲಿಗಳಿಗೆ ಕೊಡುತ್ತೇನೆಂದಳು. ಅಣ್ಣನಿಗೆ, "ನೀವು ಸದ್ಯಕ್ಕೆ ಯಾವ ರಸವನ್ನೂ ಮುಟ್ಟಬೇಡಿ. ಇವತ್ತೇ ನಮ್ಮ ಜೊತೆ ಬನ್ನಿ, ನಾಳೆ ಆಸ್ಪತ್ರೆಗೆ ಹೋಗೋಣ," ಎಂದಳು. ನೆಲ್ಲಿಯನ್ನೇ ನಂಬಿ ಕೂರುವಷ್ಟು ಇನ್ನೂ ತನಗೆ ತಿಳಿದಿಲ್ಲ ಎಂದೂ ಸೇರಿಸಿದಳು.

ಒಲೆಯ ಮುಂದಿನಿಂದ ಎದ್ದು ಹೊರಗೆ ಬಂದು ನೋಡುತ್ತೇನೆ, ಜಗಲಿ ತುಂಬ ಹೆಂಗಸರು, ಮಡಿಲಲ್ಲಿ, ಕಂಕುಳಲ್ಲಿ ಪಾತ್ರೆಗಳು. ಅದೇ ಕಲಾಯಿಯವನು ಬೀದಿಯಲ್ಲೆಲ್ಲ ಹಾಕಿಹೋಗಿದ್ದನಲ್ಲ! ನಮ್ಮ ಅತ್ತಿಗೆ ಯಾವಾಗಲೋ ಹಿತ್ತಿಲ ಬಾಗಿಲಿನಿಂದ ಹೊರಟು ಮನೆಮನೆಗೆ ಕೂಗಿ ಬಂದಿದ್ದರು. ತಮ್ಮ ತಪ್ಪಲೆಯನ್ನೇ ಎಲ್ಲರ ಮುಂದೆ ಇಟ್ಟು, ಹಳದಿ ಮಚ್ಚೆ ತೋರಿಸುತ್ತಿದ್ದರು.

"ನೋಡ್ರವ್ವ, ಹಿಂಗೆ ಬಂದ್ರೆ ಕೆಟ್ಟದ್ದು. ನಮ್ಮ ನಾದಿನಿ ಮಗಳು ಕಂಡುಹಿಡಿದದ್ದು. ಎಮ್ಮೆಸ್ಸಿ!"

"ಎಮ್ಮೆಸ್ಸಿ ಅಂದ್ರೆ ಏನಕ್ಕ?"

"ಪಾತ್ರೆ ಒಳಗೆ ಇರೋದನ್ನ ಹೊರಗಿಂದ ನೋಡೋ ಓದು, ಸುಮ್ನಿರು."

ವಿಮಲ ಒಂದೊಂದಕ್ಕೂ ತೊಟ್ಟು ಬಿಟ್ಟು ನೋಡಿ, ಪಾತ್ರೆಗಳ ಸಾಲು ಕರಗುವಷ್ಟರಲ್ಲಿ ನಾವು ನೆನೆಸಿದ್ದ ಬಸ್ಸು ಹೋಗಿತ್ತು. ಹೊರಡುವಾಗ ವಿಮಲ ಆ ಎರಡು ಪುಟ್ಟ ಸೀಸೆಗಳನ್ನು ಅತ್ತಿಗೆಗೇ ಕೊಟ್ಟು, ಕೈಗೆ ತಾಗಿಸಿಕೊಳ್ಳಬಾರದು, ಎತ್ತರದಲ್ಲಿಡಬೇಕು, ಆಮೇಲೆ ಪಾತ್ರೆ ಚೆನ್ನಾಗಿ ತೊಳೆಯಬೇಕು ಎಂದು ಎರಡೆರಡು ಸಲ ಹೇಳಿದಳು.

ಬೊಮ್ಮನಹಳ್ಳಿಯ ತನಕ ಪಕ್ಕದ ಮನೆಯವರ ಎತ್ತಿನ ಗಾಡಿ ಸಿಕ್ಕಿತು. ಬಸ್ಸಿನಲ್ಲಿ ವಿಮಲ ಮಡಕೆಯನ್ನು ತೊಡೆಯ ಮೇಲಿಟ್ಟು ಎರಡು ಕೈಯಲ್ಲೂ ಬಳಸಿ ಹಿಡಿದಿದ್ದಳು. ಕಂಡಕ್ಟರು ಬಗ್ಗಿ ನೋಡಿ, "ಏನ್ರಮ್ಮ, ಹೆಂಡಾನಾ? ಲಗೇಜ್ ಆಗುತ್ತೆ," ಎಂದ.

ಅಣ್ಣ ಸೀಟಿನಿಂದ ಅರ್ಧ ಎದ್ದ. "ಹೆಂಡ ಅಲ್ಲಪ್ಪ, ಅದು ವಿಜ್ಞಾನ! ನನ್ನ ತಂಗಿ ಮಗಳು ಅವಳು. ನನ್ನ ಹೊಟ್ಟೆ ಒಳಗೆ ಏನೈತೆ ಅಂತ ಪಾತ್ರೆ ನೋಡಿ ಹೇಳವ್ಳೆ."

"ಆಗ್ಲಿ ಯಜಮಾನ್ರೆ, ವಿಜ್ಞಾನಕ್ಕೆ ಲಗೇಜ್ ಇಲ್ಲ, ಕೂತ್ಕೊಳ್ಳಿ," ಎಂದು ಕಂಡಕ್ಟರು ನಗುತ್ತಾ ಟಿಕೆಟ್ಟು ಹರಿದ. ಮನೆಯಿಂದ ಹೊರಡುವಾಗ ಬೀದಿಯವರ ಮಾತಿಗೆ ತಲೆ ತಗ್ಗಿಸಿದ್ದವಳು ನಾನು. ಈಗ ಬಸ್ಸೆಲ್ಲ ತಿರುಗಿ ನೋಡುತ್ತಿದ್ದರೂ ನೆಟ್ಟಗೆ ಕೂತಿದ್ದೆ.

ಸೋಮವಾರ ಆಸ್ಪತ್ರೆಯಲ್ಲಿ ಡಾಕ್ಟರು ಅಣ್ಣನ ತುಟಿ ಎತ್ತಿ ವಸಡು ನೋಡಿದರು. ಹಲ್ಲಿನ ಬುಡದಲ್ಲಿ ನೀಲಿಯ ಗೆರೆಯಿತ್ತು.

"ನೀವು ಅಚ್ಚುಕೂಟದಲ್ಲಿ ಕೆಲಸ ಮಾಡ್ತೀರಾ?"

"ಇಲ್ಲ ಸಾರ್, ರೈತ."

"ಮತ್ತೆ ಸೀಸ ಎಲ್ಲಿಂದ ಬಂತು?"

"ಕಲಾಯಿಯಿಂದ ಸಾರ್," ಎಂದಳು ವಿಮಲ. ಡಾಕ್ಟರು ಕನ್ನಡಕ ತೆಗೆದು, ಅಣ್ಣನನ್ನು ಬಿಟ್ಟು ಅವಳನ್ನು ನೋಡಿದರು. ಕುರ್ಚಿ ತೋರಿಸಿ, "ಕೂತ್ಕೊಂಡು ಹೇಳಿ," ಎಂದರು.

ಸಂಕ್ರಾಂತಿಯ ಹೊತ್ತಿಗೆ ಅಣ್ಣನ ಹೊಟ್ಟೆನೋವು ನಿಂತು, ಮುದ್ದೆ ಮೊದಲಿನ ಗಾತ್ರಕ್ಕೆ ಬಂತು. ಸಕ್ಕರೆ ಕಾಯಿಲೆ ಇದ್ದೇ ಇದೆ, ಮಾತ್ರೆಯೂ ನಡೆದಿದೆ. ಮಡಕೆಯ ರಸ ಕುಡಿದ ಮೂರನೆಯ ಗೂಡಿನ ಇಲಿಗಳು ಈ ಸಲ ಮೂಲೆ ಸೇರಲಿಲ್ಲ, ತಂತಿ ಹತ್ತಿ ಕುಣಿಯುತ್ತಿವೆಯಂತೆ. ಸೀಸ ತಿಂದ ಗೂಡಿನಲ್ಲೂ ರಸ ಕುಡಿದವು, ಕುಡಿಯದವಕ್ಕಿಂತ ಚೆನ್ನಾಗಿ ಮೇಯುತ್ತಿವೆಯಂತೆ. ಇಷ್ಟಕ್ಕೇ ಏನೂ ಹೇಳಲಾಗದು, ಇನ್ನೂ ಎಷ್ಟೋ ಸಲ ಮಾಡಬೇಕು ಎನ್ನುತ್ತಾಳೆ ವಿಮಲ. ಆದರೆ ಪ್ರೊಫೆಸರು "ಮುಂದುವರಿಸಿ" ಎಂದಿದ್ದಾರೆ. ಸೀತಮ್ಮನವರು ಮೊನ್ನೆ ತಮ್ಮ ಸಾರಿನ ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, "ಸ್ವಲ್ಪ ನೋಡ್ತಾಳಾ ಕೇಳಿ," ಎಂದರು.

ಬೇಗೂರು ಎಂದರೆ ಈಗ ನನ್ನ ಕಣ್ಣ ಮುಂದೆ ಬರುವುದು ಅವತ್ತು ಗಾಡಿ ಕೆರೆಯ ಏರಿ ಹತ್ತುವಾಗ ತಿರುಗಿ ನೋಡಿದ ನೋಟ. ಮನೆಯ ಮುಂದೆ ಇಳಿಬಿಸಿಲು. ತಡವಾಗಿ ಬಂದ ಯಾರೋ ಒಬ್ಬಾಕೆ ಪಾತ್ರೆ ಹಿಡಿದು ನಿಂತಿದ್ದಾಳೆ. ನಮ್ಮ ಅತ್ತಿಗೆ, ಓದು ಬಾರದ ಪುಟ್ಟತಾಯಮ್ಮ, ಉಸಿರು ಬಿಗಿಹಿಡಿದು ಸೀಸೆ ಬಗ್ಗಿಸುತ್ತಿದ್ದಾರೆ. ಅವರ ಗಟ್ಟಿ ದನಿ ಏರಿಯ ತನಕ ಕೇಳಿಸಿತು:

"ಬೆಳ್ಳಗೈತೆ ಕಣೆ. ತೊಳ್ಕೊಂಡು ಧೈರ್ಯವಾಗಿ ಹುಳಿ ಮಾಡ್ಕೊ ಹೋಗು."